ತೋಟಕ್ಕೆ ಹಕ್ಕಿ ಬೇಕು, ಬರುವುದೆಲ್ಲ ಪಾರಿವಾಳ: ಪುಣೆ, ಮುಂಬೈ ಕಡೆಯವರು ಏನು ಮಾಡುತ್ತೀರಿ?

ಕೊಥ್ರೂಡ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಪುಣೆಯ ಕೊಥ್ರೂಡ್‌ನ ಒಂದು ಹಳೇ ಸೊಸೈಟಿಯಲ್ಲಿ ಗ್ರೌಂಡ್ ಫ್ಲೋರ್ ಮನೆಗೆ ಬಂದಿದ್ದೇವೆ. ಹಿಂದೆ ಸುಮಾರು 20 ಅಡಿ ಉದ್ದ, 12 ಅಡಿ ಅಗಲದ ಜಾಗ ಇದೆ. ಒಂದು ಕರಿಬೇವಿನ ಮರ, ಒಂದು ದಾಸವಾಳ, ನಲ್ಲಿ. ಕಾಂಪೌಂಡ್ ಆಚೆಗೆ ದೊಡ್ಡ ಬೇವಿನ ಮರ. ಇಲ್ಲಿಗೆ ಸೂರಕ್ಕಿ, ಪಿಕಳಾರ, ಗುಬ್ಬಿ ಬರಲಿ ಅಂತ ನನ್ನ ಆಸೆ.

ನಮ್ಮ ಅತ್ತೆ ಧಾರವಾಡದವರು. ಬೆಳಿಗ್ಗೆ ಎದ್ದು ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಅಂಗಳಕ್ಕೆ ಹಾಕದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಊರಲ್ಲಿ ಅದಕ್ಕೆ ಗುಬ್ಬಿ ಬರುತ್ತಿದ್ದವಂತೆ. ಇಲ್ಲಿ ಬರೀ ಪಾರಿವಾಳ. ಮೇಲಿನ ಮನೆಯವರು ಎಸಿ ಮೇಲೆಲ್ಲ ಹಿಕ್ಕೆ ಅಂತ ಕಂಪ್ಲೇಂಟ್ ಮಾಡಿದ್ದಾರೆ. ಸೆಕ್ರೆಟರಿ ಬಂದು ಹೇಳಿ ಹೋದರು.

ಪಾರಿವಾಳ ತಿನ್ನದ, ಬೇರೆ ಹಕ್ಕಿ ತಿನ್ನುವ ಕಾಳು ಯಾವುದಾದರೂ ಇದೆಯಾ? ಆನ್‌ಲೈನ್‌ನಲ್ಲಿ ಸಕ್ಕರೆ ನೀರು ತುಂಬಿಡುವ ಕೆಂಪು ಬಾಟಲಿ ಸಿಗುತ್ತದಲ್ಲ, ಅದನ್ನು ತರಿಸಬಹುದಾ? ಸೊಸೈಟಿಯಲ್ಲಿ ಬೆಕ್ಕುಗಳೂ ಇವೆ, ಅದೊಂದು ಭಯ.

ಮುಲುಂಡ್ ಮಾವ

ಅಂಥ ಕಾಳು ಇಲ್ಲ ಕಣಮ್ಮ. ಗುಬ್ಬಿ ತಿನ್ನುವುದನ್ನೆಲ್ಲ ಪಾರಿವಾಳ ತಿನ್ನುತ್ತದೆ, ಜಾಸ್ತಿ ತಿನ್ನುತ್ತದೆ, ಮೊದಲು ಬಂದು ತಿನ್ನುತ್ತದೆ.

ನೀವು ಹೆಸರಿಸಿದ ಮೂರು ಹಕ್ಕಿಗಳನ್ನೇ ತೆಗೆದುಕೊಳ್ಳಿ. ಸೂರಕ್ಕಿಗೆ ಮಕರಂದ ಬೇಕು, ಜೇಡ ಬೇಕು. ಪಿಕಳಾರಕ್ಕೆ ಹಣ್ಣು ಮತ್ತು ಹುಳ. ಇವೆರಡೂ ಜೋಳದ ಕಡೆ ತಿರುಗಿಯೂ ನೋಡುವುದಿಲ್ಲ. ಗುಬ್ಬಿ ಕಾಳು ತಿನ್ನುತ್ತದೆ ನಿಜ, ಆದರೆ ಅದೂ ಮರಿಗಳಿಗೆ ಕೊಡುವುದು ಹುಳವನ್ನೇ. ಮೊಟ್ಟೆಯೊಡೆದು ಬಂದ ಮರಿ ಅಕ್ಕಿ ತಿಂದು ಬದುಕುವುದಿಲ್ಲ. ನಮ್ಮ ಊರುಗಳಲ್ಲಿ ಕಾಳು ಹಾಕಿದರೆ ಬರುವ ಹಕ್ಕಿ ಅಂದರೆ ಪಾರಿವಾಳ, ಬೆಳವ, ಗುಬ್ಬಿ, ರಾಟವಾಳ, ಗಿಳಿ, ಅಷ್ಟೇ. ಮಡಿವಾಳ, ಸಿಂಪಿಗ, ಬೆಳ್ಗಣ್ಣ, ಕಂಚುಗಾರ, ಕಾಜಾಣ ಈ ಹಕ್ಕಿಗಳಿಗೆಲ್ಲ ನಿಮ್ಮ ಕಾಳಿನ ಡಬ್ಬಿಯಿಂದ ಏನೂ ಆಗಬೇಕಾದ್ದಿಲ್ಲ.

ಇನ್ನು ಪಾರಿವಾಳ. ಅದರ ಮೂಲ ಮನೆ ಬಂಡೆ, ಕಡಿದಾದ ಬೆಟ್ಟದ ಗೋಡೆ. ನಾವು ಕಟ್ಟಿದ ಬಿಲ್ಡಿಂಗ್‌ಗಳ ಛಜ್ಜಾ, ಡಕ್ಟ್, ಎಸಿ ಹಿಂದಿನ ಸಂದು ಅದಕ್ಕೆ ಬಂಡೆಯ ಸಂದಿಗಿಂತ ಚೆನ್ನಾಗಿವೆ. ಒಂದು ಸಲಕ್ಕೆ ಎರಡು ಮೊಟ್ಟೆ, ಹದಿನೇಳು ಹದಿನೆಂಟು ದಿನ ಕಾವು. ಊಟ ಸಿಕ್ಕರೆ ವರ್ಷವಿಡೀ ಮರಿ. ಮರಿಗೆ ಹುಳವೂ ಬೇಕಿಲ್ಲ, ತನ್ನ ಗಂಟಲಚೀಲದಲ್ಲೇ ಹಾಲಿನಂಥದ್ದು ಮಾಡಿಕೊಡುತ್ತದೆ. ಹೀಗಾಗಿ ನಾವು ಹಾಕಿದ ಪ್ರತಿ ಹಿಡಿ ಕಾಳೂ ನೇರವಾಗಿ ಪಾರಿವಾಳದ ಸಂಸಾರಕ್ಕೆ ಸೇರುತ್ತದೆ.

ಆ ಜಾಗದಲ್ಲಿ ಗಿಡ ಹಾಕಿ, ನೀರಿಡಿ. ಕಾಳು ನಿಲ್ಲಿಸಿ.

ಡೊಂಬಿವಲಿ ಶೆಟ್ರು

ಮಾವ, ನೀವು ಹೇಳುವುದು ಸರಿಯೇ ಇರಬಹುದು. ಆದರೆ ಒಂದು ಹಿಡಿ ಅಕ್ಕಿ ಹಾಕುವುದೂ ತಪ್ಪು ಅಂತ ವಯಸ್ಸಾದವರಿಗೆ ಹೇಳುವುದು ಹೇಗೆ ಮಾರಾಯ್ರೆ? ನಮ್ಮ ಅಮ್ಮ ಕಾಗೆಗೆ ಅನ್ನ ಇಡದೆ ತಾನು ಊಟ ಮಾಡಿದವರಲ್ಲ. ದಾದರ್‌ನಲ್ಲಿ ಎಷ್ಟು ವರ್ಷಗಳಿಂದ ಜನ ಕಾಳು ಹಾಕುತ್ತಿದ್ದರು. ಈಗ ಒಮ್ಮೆಲೇ ಅದು ಅಪರಾಧ ಆಗಿಬಿಟ್ಟಿತಾ?

ಮುಲುಂಡ್ ಮಾವ

ದಾದರ್ ವಿಷಯ ನೀವೇ ತೆಗೆದಿರಿ, ಒಳ್ಳೆಯದಾಯಿತು. 2025ರ ಜುಲೈನಲ್ಲಿ ಸರ್ಕಾರ ಮುಂಬೈನ 51 ಕಬೂತರ್‌ಖಾನೆಗಳನ್ನು, ಅಂದರೆ ಜನ ಪಾರಿವಾಳಕ್ಕೆ ಕಾಳು ಹಾಕುವ ಜಾಗಗಳನ್ನು, ಮುಚ್ಚಲು ಪಾಲಿಕೆಗೆ ಹೇಳಿತು. ದಾದರ್‌ನದಕ್ಕೆ ತಾಡಪಾಲು ಹೊದಿಸಿದರು. ಆಗಸ್ಟ್‌ನಲ್ಲಿ ಜನ ಬಂದು ಅದನ್ನು ಕಿತ್ತರು, ಗಲಾಟೆ ಆಯಿತು, ವಿಷಯ ಹೈಕೋರ್ಟ್‌ನಲ್ಲಿತ್ತು. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಾಳು ಹಾಕುವವರು ಹಾಕಿ ಮನೆಗೆ ಹೋಗುತ್ತಾರೆ. ಹಿಕ್ಕೆಯ ಧೂಳು ಕುಡಿಯುವವರು ಸುತ್ತಲಿನ ಬಿಲ್ಡಿಂಗ್‌ನವರು.

ಕಾಗೆಗೆ ಅನ್ನ ಬೇರೆ ಮಾತು. ಒಂದು ಪಿಂಡ ಇಟ್ಟಿರಿ, ಕಾಗೆ ಎತ್ತಿಕೊಂಡು ಹೋಯಿತು, ಮುಗಿಯಿತು. ನೆಲಕ್ಕೆ ಕಾಳು ಚೆಲ್ಲಿ ಇಡೀ ದಿನ ಬಿಡುವುದಕ್ಕೂ ಅದಕ್ಕೂ ವ್ಯತ್ಯಾಸ ಇದೆ.

ಔಂಧ್ ಡಾಕ್ಟರ್

ಆರೋಗ್ಯದ್ದು ಮಾತ್ರ ಹೇಳಿ ಹೋಗುತ್ತೇನೆ. ಒಣಗಿದ ಹಿಕ್ಕೆ, ಗರಿಯ ಪುಡಿ ಇವನ್ನು ತಿಂಗಳುಗಟ್ಟಲೆ ಉಸಿರಾಡಿದರೆ ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಬರುತ್ತದೆ. ಇದು ಸೋಂಕಲ್ಲ, ಶ್ವಾಸಕೋಶದ ಅಲರ್ಜಿಯ ಥರ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಬೇಗ ಗೊತ್ತಾಗಿ ಪಾರಿವಾಳದ ಸಹವಾಸ ತಪ್ಪಿದರೆ ಸುಧಾರಿಸಬಹುದು. ತಡವಾದರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಅದು ಹಿಂದಕ್ಕೆ ಬರುವುದಿಲ್ಲ. ಎಲ್ಲರಿಗೂ ಬರುವ ಕಾಯಿಲೆ ಅಲ್ಲ, ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳಲೂ ಆಗುವುದಿಲ್ಲ. ಬಾಲ್ಕನಿ ಗುಡಿಸುವಾಗ ಹಿಕ್ಕೆಗೆ ಮೊದಲು ನೀರು ಹಾಕಿ ನೆನೆಸಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಒಣದನ್ನು ಪೊರಕೆಯಲ್ಲಿ ಹೊಡೆಯಬೇಡಿ. ಅತ್ತೆಯವರಿಗೆ ದಮ್ಮು ಇದ್ದರಂತೂ ಆ ಕೆಲಸ ಅವರಿಗೆ ಬೇಡವೇ ಬೇಡ.

ಪಾಷಾಣ್ ಗಿಡದ ಹುಚ್ಚ

ಅಂತೂ ನನ್ನ ವಿಷಯ ಬಂತು. ಕನ್ನಡತಿಯವರೇ, ನಿಮ್ಮ ಹತ್ತಿರ ಆಗಲೇ ಅರ್ಧ ತೋಟ ಇದೆ. ಕರಿಬೇವಿನ ಮರ ಹಣ್ಣು ಬಿಡಲಿ. ನಮ್ಮವರು ಒಗ್ಗರಣೆಗೆ ಅಂತ ಅದರ ತಲೆ ಕತ್ತರಿಸುತ್ತಲೇ ಇರುತ್ತಾರೆ, ಪಾಪ, ಅದು ಹೂ ಬಿಡುವುದು ಯಾವಾಗ? ಒಂದು ಕಡೆಯ ಕೊಂಬೆ ಅಡುಗೆಗೆ, ಇನ್ನೊಂದು ಕಡೆ ಹಕ್ಕಿಗೆ ಅಂತ ಬಿಡಿ. ಹಣ್ಣು ಕಪ್ಪಾಗುವ ಹೊತ್ತಿಗೆ ಪಿಕಳಾರ, ಕೋಗಿಲೆ ಎರಡೂ ಹುಡುಕಿಕೊಂಡು ಬರುತ್ತವೆ. ಬೇವಿನ ಹಣ್ಣಿಗೂ ಅಷ್ಟೇ.

ಸೂರಕ್ಕಿಗೆ ಮೊದಲ ಗಿಡ ಹಮೀಲಿಯಾ. ಪುಣೆಯ ಯಾವ ನರ್ಸರಿಯಲ್ಲಾದರೂ ಸಿಗುತ್ತದೆ. ಕೊಳವೆಯಂಥ ಕಿತ್ತಳೆ ಕೆಂಪು ಹೂ, ಹೆಚ್ಚು ಕಡಿಮೆ ವರ್ಷಪೂರ್ತಿ, ಆಮೇಲೆ ಕಪ್ಪು ಹಣ್ಣು. ಹೂ ಸೂರಕ್ಕಿಗೆ, ಹಣ್ಣು ಪಿಕಳಾರಕ್ಕೆ. ಇದು ಅಮೆರಿಕ ಖಂಡದ ಗಿಡ, ಆದ್ದರಿಂದ ಅದೊಂದನ್ನೇ ನೆಚ್ಚಬೇಡಿ. ನಮ್ಮದೇ ಆಡುಸೋಗೆ ಇದೆ, ಮರಾಠಿಯವರು ಅಡುಳಸಾ ಅಂತಾರೆ, ಬೇಲಿಗೆ ಚೆನ್ನಾಗಿರುತ್ತದೆ. ಕೇಪಳ ಹಾಕಿ. ಸಿಂಹಗಡದ ದಾರಿಯಲ್ಲಿ ಬೇಸಿಗೆಗೆ ಮುಂಚೆ ಕೆಂಪಗೆ ಹೂ ಬಿಡುವ ಪೊದೆ ನೋಡಿರುತ್ತೀರಿ, ಇಲ್ಲಿ ಧಾಯಟಿ ಅಂತಾರೆ. ಸೂರಕ್ಕಿಗಳು ಅದಕ್ಕೆ ಮುತ್ತಿಕೊಳ್ಳುತ್ತವೆ. ಗುಡ್ಡದಿಂದ ಕಿತ್ತು ತರಬೇಡಿ, ಸ್ಥಳೀಯ ಗಿಡಗಳ ನರ್ಸರಿಯಲ್ಲಿ ಕೇಳಿ. ನುಗ್ಗೆ, ಬಾಳೆ ಇದ್ದರೆ ಇನ್ನೂ ಒಳ್ಳೆಯದು. ಬಾಳೆ ಮೂತಿಗೆ ಸೂರಕ್ಕಿ ತಲೆಕೆಳಗಾಗಿ ಜೋತುಬೀಳುವುದನ್ನು ಅತ್ತೆಗೆ ಒಮ್ಮೆ ತೋರಿಸಿ, ಜೋಳದ ವಿಷಯ ಅವರೇ ಮರೆಯುತ್ತಾರೆ.

ಗಸಗಸೆ ಹಣ್ಣಿನ ಮರ ಹಾಕಿ ಅಂತ ಯಾರಾದರೂ ಹೇಳುತ್ತಾರೆ, ಇಲ್ಲಿ ಸಿಂಗಾಪುರ ಚೆರಿ ಅಂತಾರಲ್ಲ ಅದು. ಹಕ್ಕಿಗೆ ಅದರಷ್ಟು ಇಷ್ಟದ ಮರ ಇಲ್ಲ, ಬದನಿಕೆ ಹಕ್ಕಿಯಿಂದ ಕಂಚುಗಾರದ ತನಕ ಎಲ್ಲ ಬರುತ್ತವೆ. ಆದರೆ ರಾತ್ರಿ ಬಾವಲಿಯೂ ಬರುತ್ತದೆ. ಕೆಳಗೆ ಕಾರು ನಿಲ್ಲಿಸುವವರಿದ್ದರೆ ಸೊಸೈಟಿಯಲ್ಲಿ ಎರಡನೇ ಜಗಳ. ಅತ್ತಿ, ಆಲ, ಅರಳಿ ಇಷ್ಟು ಚಿಕ್ಕ ಜಾಗಕ್ಕೆ ಬೇಡ, ಬೇರು ಕಾಂಪೌಂಡ್ ಒಡೆಯುತ್ತದೆ. ಮಹಾರಾಷ್ಟ್ರದ ರಾಜ್ಯಪಕ್ಷಿ ಹಸಿರು ಪಾರಿವಾಳ ಬದುಕುವುದೇ ಆ ಮರಗಳ ಹಣ್ಣಿನ ಮೇಲೆ. ಅದು ಕಾಳಿಗೆ ನೆಲಕ್ಕೆ ಇಳಿಯುವ ಜಾತಿಯೇ ಅಲ್ಲ. ರಸ್ತೆ ಬದಿಯ ದೊಡ್ಡ ಆಲ ಉಳಿಸಿಕೊಂಡರೆ ಅದನ್ನು ನೋಡುತ್ತೀರಿ, ಇಲ್ಲದಿದ್ದರೆ ಇಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. ಔಷಧಿ ಹೊಡೆಯಬೇಡಿ. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳ ಬರುತ್ತದೆ, ನೀರು ಚಿಮ್ಮಿಸಿ ತೊಳೆಯಿರಿ. ಕಂಬಳಿಹುಳ ಎಲೆ ತಿಂದರೆ ತಿನ್ನಲಿ, ಸಿಂಪಿಗ ಅದನ್ನು ತಿನ್ನುತ್ತದೆ. ಜೇಡರ ಬಲೆ ಕಂಡ ಕಂಡಲ್ಲಿ ಹೊಡೆಯಬೇಡಿ. ಸೂರಕ್ಕಿ ಗೂಡು ನೇಯುವುದು ಆ ನೂಲಿನಿಂದಲೇ. ಉದುರಿದ ಎಲೆ ಒಂದು ಮೂಲೆಯಲ್ಲಿ ಹಾಗೇ ಬಿದ್ದಿರಲಿ, ಮಡಿವಾಳ ಅಲ್ಲಿ ಕೆದಕುತ್ತದೆ. ಇನ್ನೊಂದು ಮೂಲೆಯಲ್ಲಿ ಹುಲ್ಲು ತೆನೆ ಕಟ್ಟುವ ತನಕ ಕತ್ತರಿಸಬೇಡಿ, ಮಳೆಗಾಲ ಮುಗಿಯುವಾಗ ರಾಟವಾಳಗಳು ಗುಂಪಾಗಿ ಬರುತ್ತವೆ. ತುಂಬ ಚೊಕ್ಕ ತೋಟದಲ್ಲಿ ಹಕ್ಕಿಗೆ ಕೆಲಸ ಇರುವುದಿಲ್ಲ.

ಕೊಥ್ರೂಡ್ ಕನ್ನಡತಿ

ಇಷ್ಟೆಲ್ಲ ಬರೆದಿದ್ದಕ್ಕೆ ಧನ್ಯವಾದ. ಹುಲ್ಲು ಬಿಟ್ಟರೆ ಮಾಲಿ ನನ್ನನ್ನು ಸೋಮಾರಿ ಅಂದುಕೊಳ್ಳುತ್ತಾನೆ, ಪರವಾಗಿಲ್ಲ. ಸಕ್ಕರೆ ನೀರಿನ ಬಾಟಲಿ ಬಗ್ಗೆ ಯಾರೂ ಹೇಳಲಿಲ್ಲ. ನೀರು ಎಲ್ಲಿ, ಎಷ್ಟು ಇಡಬೇಕು? ನೀರಿಟ್ಟರೆ ಸೊಳ್ಳೆ ಅಂತ ಮತ್ತೆ ಸೆಕ್ರೆಟರಿ ಬರುತ್ತಾರೆ.

ಮಡಗಾಂವ್ ಹಿತ್ತಲು

ನಾನು ಕಾರವಾರದ ಕಡೆಯವಳು, ಈಗ ಗೋವಾದಲ್ಲಿದ್ದೇನೆ. ನೀರಿನ ವಿಷಯ ನಾನು ಹೇಳುತ್ತೇನೆ.

ಅಗಲವಾದ, ಆಳ ಇಲ್ಲದ ಮಣ್ಣಿನ ತಟ್ಟೆ ತಗೊಳ್ಳಿ. ಕುಂಡದ ಕೆಳಗಿಡುವ ದೊಡ್ಡ ತಟ್ಟೆ ಸಾಕು. ನೀರು ಎರಡು ಇಂಚಿಗಿಂತ ಹೆಚ್ಚು ಬೇಡ, ಅಂಚಿನಲ್ಲಿ ಒಂದೇ ಇಂಚು. ಒಳಗೆ ಒಂದೆರಡು ಒರಟು ಕಲ್ಲು ಇಡಿ, ಸಣ್ಣ ಹಕ್ಕಿ ಅದರ ಮೇಲೆ ನಿಂತು ಕುಡಿಯುತ್ತದೆ. ಸ್ಟೀಲ್, ಪ್ಲಾಸ್ಟಿಕ್ ಜಾರುತ್ತವೆ, ಬಿಸಿಲಿಗೆ ಕಾಯುತ್ತವೆ. ಬಕೆಟ್ ತುಂಬಿಟ್ಟರೆ ಹಕ್ಕಿ ಬಿದ್ದು ಮುಳುಗುತ್ತದೆ.

ದಿನಾ ಬೆಳಿಗ್ಗೆ ಹಳೇ ನೀರು ಗಿಡಕ್ಕೆ ಚೆಲ್ಲಿ ಹೊಸದು ತುಂಬಿ. ಸೊಳ್ಳೆ ಮೊಟ್ಟೆಯಿಂದ ಹೊರಟು ಹಾರಲು ವಾರವಾದರೂ ಬೇಕು, ದಿನಾ ಚೆಲ್ಲುವ ನೀರಲ್ಲಿ ಅದು ಆಗುವುದಿಲ್ಲ. ಸೆಕ್ರೆಟರಿಗೆ ಹೀಗೇ ಹೇಳಿ. ವಾರಕ್ಕೊಮ್ಮೆ ಬ್ರಷ್‌ನಿಂದ ಉಜ್ಜಿ, ಸೋಪು ಬೇಡ. ಹಿಕ್ಕೆ ಬಿದ್ದ ನೀರಿನಿಂದ ಹಕ್ಕಿಗಳಲ್ಲೇ ಕಾಯಿಲೆ ಹರಡುತ್ತದೆ.

ಜಾಗ ಮುಖ್ಯ. ಬೆಕ್ಕು ಅಡಗುವ ಪೊದೆಯಿಂದ ಏಳೆಂಟು ಅಡಿ ದೂರ ಇರಬೇಕು, ಆದರೆ ಹಾರಿ ಕೂರಲು ಮೇಲೆ ಒಂದು ಕೊಂಬೆ ಇರಬೇಕು. ನಿಮ್ಮ ಕರಿಬೇವಿನ ಕೆಳಗಲ್ಲ, ಪಕ್ಕಕ್ಕೆ. ಕಟ್ಟೆ ಮೇಲೋ ಸ್ಟ್ಯಾಂಡ್ ಮೇಲೋ ಇಟ್ಟರೆ ಇನ್ನೂ ಒಳ್ಳೆಯದು.

ಕಾಳಿಗೆ ಬಾರದ ಎಷ್ಟೋ ಹಕ್ಕಿ ನೀರಿಗೆ ಬರುತ್ತವೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಬೀಸಣಿಗೆ ನೊಣಹಿಡುಕ, ಚಳಿಗಾಲದಲ್ಲಿ ಹೊನ್ನಕ್ಕಿ, ಅದೃಷ್ಟ ಇದ್ದರೆ ಉದ್ದ ಬಾಲದ ರಾಜಹಕ್ಕಿ. ಗೋವಾದ ರಾಜ್ಯಪಕ್ಷಿ ಕೆಂಪು ಗಂಟಲಿನ ಪಿಕಳಾರ ಮಾತ್ರ ನನ್ನ ತಟ್ಟೆಗೆ ಇನ್ನೂ ಇಳಿದಿಲ್ಲ, ಅದಕ್ಕೆ ಕಾಡೇ ಬೇಕು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾನು ತಟ್ಟೆ ಮಗುಚಿ ಇಡುತ್ತೇನೆ. ಪುಣೆಯಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ಆಗುವಾಗ ಒಂದು ದಿನವೂ ತಪ್ಪಿಸಬೇಡಿ.

ಮುಲುಂಡ್ ಮಾವ

ಆ ಕೆಂಪು ಬಾಟಲಿ ಅಮೆರಿಕದ ಹಮ್ಮಿಂಗ್‌ಬರ್ಡ್‌ಗೆ ಅಂತ ಮಾಡಿದ್ದು. ಆ ಹಕ್ಕಿ ನಮ್ಮ ದೇಶದಲ್ಲೇ ಇಲ್ಲ. ನಮ್ಮ ಸೂರಕ್ಕಿ ಹೆಚ್ಚಾಗಿ ಕೂತು ಕುಡಿಯುವ ಹಕ್ಕಿ. ಅಭ್ಯಾಸವಾದರೆ ಬಾಟಲಿಗೂ ಬರುತ್ತದೆ, ಬರುವುದಿಲ್ಲ ಅಂತಲ್ಲ. ಆದರೆ ನಮ್ಮ ಸೆಕೆಗೆ ಸಕ್ಕರೆ ನೀರು ಬೇಗ ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ, ಇರುವೆ ಸಾಲು ಕಟ್ಟುತ್ತದೆ. ಜೇನುತುಪ್ಪ, ಬಣ್ಣ ಹಾಕುವವರಂತೂ ಇನ್ನೂ ಕೆಟ್ಟದ್ದು ಮಾಡುತ್ತಾರೆ. ದಿನಾ ಬಿಚ್ಚಿ ತೊಳೆಯುವ ತಾಳ್ಮೆ ಇದ್ದವರಿಗೆ ಆ ತಾಳ್ಮೆ ಒಂದು ಹಮೀಲಿಯಾ ಬೆಳೆಸಲು ಸಾಕು. ಹಣ ಅಲ್ಲಿ ಹಾಕಿ.

ಹಡಪ್ಸರ್ ಅಕ್ಕ

ಎಲ್ಲರೂ ಸೂರಕ್ಕಿ ಹಿಂದೆ ಬಿದ್ದೀರಿ, ಗುಬ್ಬಿ ಯಾರಿಗೂ ಬ್ಯಾಡಾಗ್ಯದ ನೋಡ್ರಿ! ನಾವು ಸೊಲ್ಲಾಪುರದವರು, ಗುಬ್ಬಿ ಇಲ್ಲದ ಮನೆ ನಮಗೆ ಮನೆ ಅನಿಸುವುದಿಲ್ಲ.

ಗುಬ್ಬಿ ನಾಶವಾಗಿ ಹೋಯಿತು ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅದು ಪೂರ್ತಿ ನಿಜ ಅಲ್ಲ. 2020ರಲ್ಲಿ ಬಂದ ದೇಶದ ಹಕ್ಕಿಗಳ ವರದಿಯಲ್ಲಿ, ಒಟ್ಟಾರೆ ದೇಶದಲ್ಲಿ ಗುಬ್ಬಿ ಸುಮಾರಾಗಿ ಸ್ಥಿರವಾಗಿದೆ, ದೊಡ್ಡ ಮಹಾನಗರಗಳಲ್ಲಿ ಮಾತ್ರ ಇಳಿದಿದೆ ಅಂತ ಇದೆ. ಆ ಪಟ್ಟಿಯಲ್ಲಿ ಮುಂಬೈಯೂ ಇದೆ, ನಮ್ಮ ಬೆಂಗಳೂರೂ ಇದೆ. ಮಾರ್ಚ್ 20ರ ಗುಬ್ಬಿ ದಿನ 2010ರಲ್ಲಿ ಶುರುವಾಗಿದ್ದು ನಾಸಿಕ್‌ನ ಮೊಹಮ್ಮದ್ ದಿಲಾವರ್ ಅವರ ಸಂಸ್ಥೆಯಿಂದ. ಅಂದರೆ ಮಹಾರಾಷ್ಟ್ರದ್ದೇ ಕೆಲಸ.

ಹಂಚಿನ ಮನೆ ಹೋಗಿ ಕಾಂಕ್ರೀಟ್ ಬಂದ ಮೇಲೆ ಗುಬ್ಬಿಗೆ ಸಂದಿಯೇ ಇಲ್ಲ. ಅದಕ್ಕೆ ಗೂಡುಪೆಟ್ಟಿಗೆ ಹಾಕಿ. ತೂತು 32 ಮಿಲಿಮೀಟರ್ ಇರಲಿ. ತೀರ ದೊಡ್ಡದಾದರೆ ಮೈನಾ ನುಗ್ಗುತ್ತದೆ. ತೂತಿನ ಕೆಳಗೆ ಅಂದಕ್ಕೆ ಅಂತ ಕಡ್ಡಿ ಸಿಗಿಸಿರುತ್ತಾರೆ, ಅದನ್ನು ಕಿತ್ತು ಹಾಕಿ, ಗುಬ್ಬಿಗೆ ಬೇಕಿಲ್ಲ, ಬೇಟೆಗೆ ಬರುವವರಿಗೆ ಹಿಡಿಕೆ ಆಗುತ್ತದೆ. ಎಂಟು ಹತ್ತು ಅಡಿ ಎತ್ತರ, ಛಜ್ಜಾದ ನೆರಳು, ಪಶ್ಚಿಮದ ಬಿಸಿಲು ಬೀಳಬಾರದು. ಒಂದೇ ಪೆಟ್ಟಿಗೆ ಬೇಡ, ಎರಡು ಮೂರು ಹಾಕಿ, ಅವು ಗುಂಪಿನಲ್ಲಿ ಬದುಕುವ ಜೀವ. ಒಳಗೆ ಹುಲ್ಲು ತುಂಬಬೇಡಿ, ಅವೇ ತರುತ್ತವೆ. ಸೀಲಿಂಗ್ ಫ್ಯಾನ್ ಇರುವ ಕಡೆ ಹಾಕಬೇಡಿ. ತೋಟದಲ್ಲಿ ಒಂದು ಅಡಿ ಜಾಗ ಒಣ ಮಣ್ಣು ಬಿಡಿ, ಗುಬ್ಬಿ ಧೂಳಿನಲ್ಲಿ ಸ್ನಾನ ಮಾಡುತ್ತದೆ.

ಅತ್ತಿಯವರಿಗೆ ಕಾಳು ಹಾಕಲೇಬೇಕು ಅಂದರೆ ಒಂದು ದಾರಿ ಅದ. ಸುಮಾರು 4 ಸೆಂಟಿಮೀಟರ್ ಕಣ್ಣಿನ ತಂತಿ ಜಾಲರಿಯ ಪಂಜರ ಮಾಡಿಸಿ ಅದರೊಳಗೆ ಬಟ್ಟಲು ಇಡ್ರಿ. ಗುಬ್ಬಿ, ರಾಟವಾಳ ನುಸುಳುತ್ತವೆ, ಪಾರಿವಾಳ ನುಸುಳಲ್ಲ. ಸಜ್ಜೆ, ನವಣೆ, ಜೋಳದ ನುಚ್ಚು ಹಾಕ್ರಿ. ಒಂದು ಹಿಡಿ ಅಷ್ಟೇ, ಖಾಲಿ ಆಗುವಷ್ಟು. ಕೆಳಗೆ ಬೀಳದಂತೆ ತಟ್ಟೆ ಇರಲಿ, ಸಂಜೆ ಎತ್ತಿಡಿ. ಇಲ್ಲದಿದ್ದರೆ ಇಲಿ ಬರುತ್ತವೆ.

ಮುಲುಂಡ್ ಮಾವ

ಪಂಜರದ ಹೊರಗೆ ಪಾರಿವಾಳ ಕಾದು ಕೂರುತ್ತದೆ, ನೋಡುತ್ತಿರಿ. ಆದರೂ ಅತ್ತೆ ಸೊಸೆ ನಡುವೆ ಶಾಂತಿಗೆ ಇದು ಆಗಬಹುದು.

ಗುಬ್ಬಿ ಅಂದಾಗ ನೆನಪಾಯಿತು. ಪುಣೆಯ ಹೊರವಲಯದಲ್ಲಿ ಗಂಟಲಿನ ಮೇಲೆ ಹಳದಿ ಚುಕ್ಕೆ ಇರುವ ಗುಬ್ಬಿಯೂ ಸಿಗುತ್ತದೆ, ಅದು ಮರದ ಪೊಟರೆಯಲ್ಲಿ ಗೂಡು ಮಾಡುವ ಬೇರೆ ಜಾತಿ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪಕ್ಷಿತಜ್ಞ ಸಲೀಂ ಅಲಿ ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಹೊಡೆದದ್ದು ಇದನ್ನೇ. ಯಾವ ಹಕ್ಕಿ ಅಂತ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು, ಮುಂದಿನದು ಎಲ್ಲರಿಗೂ ಗೊತ್ತು. ಆ ಸಂಸ್ಥೆ 1883ರದ್ದು, ಈಗಲೂ ಕೋಟೆ ಭಾಗದಲ್ಲಿದೆ.

ಡೊಂಬಿವಲಿ ಶೆಟ್ರು

ಪಂಜರದ ಉಪಾಯ ನನಗೆ ಹಿಡಿಸಿತು. ಹೋಟೆಲಿನಲ್ಲಿ ಉಳಿದ ಬ್ರೆಡ್, ಸೇವು, ಇಡ್ಲಿ ಹಾಕಬಹುದಲ್ಲ? ಠಾಣೆ ಖಾಡಿಯಲ್ಲಿ, ಅಂದರೆ ಅಲ್ಲಿನ ಕಡಲ ಹಿನ್ನೀರಿನಲ್ಲಿ, ಜನ ಕಡಲಹಕ್ಕಿಗಳಿಗೆ ಕಡಲೆಹಿಟ್ಟಿನ ಗಾಠಿಯಾ ಎಸೆಯುತ್ತಾರೆ, ಅವು ಮುಗಿಬಿದ್ದು ತಿನ್ನುತ್ತವೆ.

ಹಡಪ್ಸರ್ ಅಕ್ಕ

ಬ್ಯಾಡ್ರಿ. ಮುಗಿಬಿದ್ದು ತಿಂದ ಮಾತ್ರಕ್ಕೆ ಒಳ್ಳೆಯದಲ್ಲ, ನಮ್ಮ ಮಕ್ಕಳೂ ಕುರ್ಕುರೆಗೆ ಮುಗಿಬೀಳುತ್ತವೆ. ಉಪ್ಪು, ಎಣ್ಣೆ, ಸೋಡಾ ಹಕ್ಕಿಯ ಸಣ್ಣ ದೇಹಕ್ಕೆ ತಡೆಯುವುದಿಲ್ಲ. ಬ್ರೆಡ್‌ನಿಂದ ಹೊಟ್ಟೆ ತುಂಬುತ್ತದೆ, ಸತ್ವ ಇಲ್ಲ. ಹಾಲು ಹಕ್ಕಿಗೆ ಜೀರ್ಣವಾಗದು. ಮಾಗಿದ ಬಾಳೆಹಣ್ಣು, ಪಪ್ಪಾಯಿ, ಪೇರಲ ತುಂಡು ಇಡಿ. ಬೆಳಿಗ್ಗೆ ಇಟ್ಟಿದ್ದನ್ನು ಮಧ್ಯಾಹ್ನ ತೆಗೆಯಿರಿ.

ವಾಶಿ ಹುಡುಗ

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ಅರ್ಜೆಂಟ್. ನಮ್ಮ ಬಾಲ್ಕನಿ ಕುಂಡದಲ್ಲಿ ಪಿಕಳಾರ ಗೂಡು ಮಾಡಿತ್ತು. ಈಗ ಒಂದು ಮರಿ ಕೆಳಗೆ ಪಾರ್ಕಿಂಗ್‌ನಲ್ಲಿ ಕೂತಿದೆ. ಗರಿ ಬಂದಿದೆ, ಬಾಲ ಗಿಡ್ಡ, ಹಾರುತ್ತಿಲ್ಲ. ಡಬ್ಬಿಯಲ್ಲಿ ಹಾಕಿ ಮನೆಗೆ ತರಲಾ? ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟು ಹೋಗುತ್ತದಂತೆ, ಹೌದಾ?

ಮಡಗಾಂವ್ ಹಿತ್ತಲು

ಮನೆಗೆ ತರಬೇಡ ತಮ್ಮಾ. ಗರಿ ಬಂದು ಬಾಲ ಗಿಡ್ಡ ಇದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ಎತ್ತಿ ಹತ್ತಿರದ ಪೊದೆಯ ಕೊಂಬೆ ಮೇಲೆ ಕೂರಿಸು. ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವುದು ಸುಳ್ಳು. ನೀನು ದೂರ ಸರಿದರೆ ತಂದೆ ತಾಯಿ ಬಂದು ತಿನ್ನಿಸುತ್ತವೆ. ಬಾಯಿಗೆ ನೀರು ಹನಿಸಬೇಡ, ಉಸಿರಿನ ದಾರಿಗೆ ಹೋದರೆ ಸಾಯುತ್ತದೆ. ಬೆಕ್ಕು ನಾಯಿ ಬಾರದಂತೆ ದೂರದಿಂದ ನೋಡಿಕೋ. ಗರಿಯೇ ಬಾರದ ಮರಿ ಬಿದ್ದರೆ ಮಾತ್ರ ಗೂಡಿಗೇ ವಾಪಸ್ ಇಡಬೇಕು. ಗೂಡು ಹಾಳಾಗಿದ್ದರೆ ಸಣ್ಣ ಬುಟ್ಟಿ ಅದೇ ಜಾಗದಲ್ಲಿ ಕಟ್ಟು. ಗಾಯ ಇದ್ದರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡು.

ವಾಶಿ ಹುಡುಗ

ಕೊಂಬೆ ಮೇಲೆ ಕೂರಿಸಿದೆ. ದೊಡ್ಡದೊಂದು ಬಂದು ಏನೋ ತಿನ್ನಿಸಿತು! ಥ್ಯಾಂಕ್ಸ್ ಅಕ್ಕ.

ಪಾಷಾಣ್ ಗಿಡದ ಹುಚ್ಚ

ಗೂಡಿನ ಮಾತು ಬಂತು, ಒಂದು ಸೇರಿಸುತ್ತೇನೆ. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಎಲ್ಲ ಸೊಸೈಟಿಗಳೂ ಕೊಂಬೆ ಕಡಿಸುತ್ತವೆ. ಬಹಳ ಹಕ್ಕಿಗಳು ಗೂಡಿನಲ್ಲಿರುವ ಕಾಲ ಅದು. ಅಪಾಯದ ಕೊಂಬೆ ತೆಗೆಯಲೇಬೇಕು, ಸರಿ. ಆದರೆ ಕೆಲಸದವರು ಹತ್ತುವ ಮೊದಲು ಒಮ್ಮೆ ಕೆಳಗಿನಿಂದ ಕಣ್ಣಾಡಿಸಿ, ಗೂಡಿದ್ದ ಕೊಂಬೆ ಬಿಡಿಸಿ. ನಗರದಲ್ಲಿ ಮರ ಕಡಿಯಲು 1975ರ ಮಹಾರಾಷ್ಟ್ರ ಕಾಯ್ದೆ ಪ್ರಕಾರ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಸೆಕ್ರೆಟರಿ ನಿಮಗೆ ನಿಯಮ ಹೇಳಿದರೆ ನೀವೂ ಒಂದು ಹೇಳಿ.

ಕೊಥ್ರೂಡ್ ಕನ್ನಡತಿ

ಅತ್ತೆಗೆ ಇದೆಲ್ಲ ಓದಿ ಹೇಳಿದೆ. ಪಂಜರಕ್ಕೆ ಒಪ್ಪಿದರು, ಆದರೆ ಜೋಳ ನುಚ್ಚು ಮಾಡಿಯೇ ಹಾಕಬೇಕಾ, ಇಡೀ ಜೋಳ ಆಗದಾ ಅಂತ ಕೇಳುತ್ತಿದ್ದಾರೆ. ಇನ್ನೊಂದು ಕೇಳಿದರು: ಅಂಗಳಕ್ಕೆ ಬರುವ ಗಿಳಿ ಒಂದನ್ನು ಹಿಡಿದು ಸಾಕಿದರೆ ಹೇಗೆ ಅಂತ! ಹಮೀಲಿಯಾ ಕಡ್ಡಿ ಯಾರಾದರೂ ಕೊಡುತ್ತೀರಾ?

ಹಡಪ್ಸರ್ ಅಕ್ಕ

ಇಡೀ ಜೋಳವನ್ನೂ ಗುಬ್ಬಿ ತಿನ್ನುತ್ತದೆ, ಆದರೆ ಸಣ್ಣ ಕೊಕ್ಕಿಗೆ ನುಚ್ಚು ಸಲೀಸು. ನುಚ್ಚೇ ಹಾಕ್ರಿ. ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ಅತ್ತಿಯವರಿಗೆ ಮೆತ್ತಗೆ ಹೇಳ್ರಿ.

ಪಾಷಾಣ್ ಗಿಡದ ಹುಚ್ಚ

ಕಡ್ಡಿ ನಾನು ಕೊಡುತ್ತೇನೆ, ಮೆಸೇಜ್ ಮಾಡಿ. ಈಗಲೇ ಬೇಡ, ಈ ಬಿಸಿಲಿಗೆ ಒಣಗಿಬಿಡುತ್ತದೆ. ಮಳೆ ಹಿಡಿದ ಮೇಲೆ ಬನ್ನಿ, ಬರುವಾಗ ಒಂದು ಒದ್ದೆ ಗೋಣಿಚೀಲ ತನ್ನಿ. ಆಡುಸೋಗೆಯೂ ಇದೆ, ಅದನ್ನೂ ಒಯ್ಯಿರಿ.